ಹಸಿರು ಉದ್ಯಮದ ಮಹಿಳಾ ಸಮಾವೇಶಕ್ಕೆ ದುಭಾಷಿಯಾಗಿ ಹೋಗುವವರಿಗೆ

"ಮೇಡಂ, ಜಾಸ್ತಿ ಏನಿಲ್ಲ. ಫಾರಿನ್‌ನಿಂದ ನಾಲ್ಕು ಜನ ಬರ್ತಾರೆ. ನಮ್ಮ ಸಂಘಗಳ ಹೆಣ್ಣುಮಕ್ಕಳು ಒಂದಿನ್ನೂರು ಜನ ಇರ್ತಾರೆ. ನೀವು ಸುಮ್ನೆ ಪಕ್ಕದಲ್ಲಿ ನಿಂತು ಕನ್ನಡದಲ್ಲಿ ಹೇಳ್ತಾ ಹೋಗಿ, ಅಷ್ಟೇ."

ಇಂಥ ಫೋನು ಬಂದರೆ ಕೂಡಲೇ ಹೂಂ ಅನ್ನಬೇಡಿ. ಆ ಇನ್ನೂರು ಜನ ಬಾಯಿ ಬಿಟ್ಟಾಗ ಈ ನಾಲ್ಕು ಜನಕ್ಕೆ ಅದನ್ನು ಹೇಳುವವರು ಯಾರು ಅಂತ ಕೇಳಿ. ಆ ಕಡೆ ಸ್ವಲ್ಪ ಹೊತ್ತು ಮಾತೇ ಇರುವುದಿಲ್ಲ. ಕರೆ ಮಾಡಿದವರ ಲೆಕ್ಕದಲ್ಲಿ ಹೆಣ್ಣುಮಕ್ಕಳು ಬರುವುದು ಕೇಳಿಸಿಕೊಳ್ಳಲಿಕ್ಕೆ. ಉದ್ಯಮ ನಡೆಸುತ್ತಿರುವವರು ಅವರೇ ಅಲ್ವಾ? ಈ ಕೆಲಸದ ಅರ್ಧ ತಯಾರಿ ಇರುವುದು ಅವರ ಮಾತು ಪೂರ್ತಿಯಾಗಿ ಆಚೆ ಹೋಗುವಂತೆ ಮಾಡುವುದರಲ್ಲಿ.

ನಾನು ಚಿಕ್ಕಮಗಳೂರಿನವಳು. ಅಪ್ಪ ಬಾಳೆಹೊನ್ನೂರು ಕಡೆಯ ಒಂದು ಎಸ್ಟೇಟಿನಲ್ಲಿ ಲೆಕ್ಕ ಬರೆಯುವ ರೈಟರ್ ಆಗಿದ್ದರು. ನಾನು ಹೈಸ್ಕೂಲಿನಲ್ಲಿ ಇಂಗ್ಲಿಷ್ ಪಾಠ ಮಾಡುತ್ತಿದ್ದೆ. ಕಾಫಿ ಕೊಳ್ಳಲು ಬಂದವರಿಗೂ ನಮ್ಮ ಬೆಳೆಗಾರರಿಗೂ ನಡುವೆ ನಿಂತು ಮಾತಾಡಿಸುತ್ತಾ ಈ ಕೆಲಸಕ್ಕೆ ಬಿದ್ದೆ. ಈಗ ಹಾಸನ, ಸಕಲೇಶಪುರ, ಚಿಕ್ಕಮಗಳೂರು ಅಂತ ಓಡಾಡುತ್ತೇನೆ. ಕಾಲೇಜು ಮುಗಿಸಿದ ಹುಡುಗಿಯರು "ಇದನ್ನ ಹೇಗೆ ಮಾಡೋದು ಮೇಡಂ" ಅಂತ ಕೇಳುತ್ತಿರುತ್ತಾರೆ. ಅವರಿಗೆ ಹೇಳುವುದನ್ನೇ ಇಲ್ಲಿ ಬರೆದಿದ್ದೇನೆ.

ಒಪ್ಪಿಕೊಳ್ಳುವ ಮುಂಚೆ

ಕಾರ್ಯಕ್ರಮದ ಪಟ್ಟಿ ತರಿಸಿಕೊಳ್ಳಿ. ಒಂದೊಂದು ಗೋಷ್ಠಿಯ ಮುಂದೆಯೂ ಯಾರು ಯಾವ ಭಾಷೆಯಲ್ಲಿ ಮಾತಾಡುತ್ತಾರೆ, ಯಾರು ಕೇಳುತ್ತಾರೆ ಅಂತ ಬರೆಯಿರಿ. ಪ್ರಶ್ನೆ ಕೇಳಲು ಸಮಯ ಇದೆಯಾ? ಸಭೆಯೊಳಗೆ ಓಡಾಡುವ ಮೈಕ್ ಇದೆಯಾ? ಮಧ್ಯಾಹ್ನ ತೋಟ ತೋರಿಸಲು ಕರೆದುಕೊಂಡು ಹೋಗುತ್ತಾರಾ? ಕೊಳ್ಳುವವರೂ ಮಾರುವವರೂ ಎದುರುಬದುರು ಕೂತು ವ್ಯಾಪಾರ ಮಾತಾಡುವುದಿದೆಯಾ? ಇವೆಲ್ಲ ಬೇರೆ ಬೇರೆ ಕೆಲಸ. ಬೆಳಗ್ಗೆಯಿಂದ ಸಂಜೆವರೆಗೆ ಒಬ್ಬರೇ ಹೊರುವಂಥದ್ದಲ್ಲ.

ಮಾಡುವ ರೀತಿ ಮುಖ್ಯವಾಗಿ ಮೂರು. ಭಾಷಣಕಾರರು ಸ್ವಲ್ಪ ಮಾತಾಡಿ ನಿಲ್ಲಿಸುತ್ತಾರೆ, ಆಮೇಲೆ ನೀವು ಹೇಳುತ್ತೀರಿ. ಇದಕ್ಕೆ ಒಂದು ನೋಟ್‌ಬುಕ್ ಸಾಕು. ಇಲ್ಲವೇ ಬೂತಿನೊಳಗೆ, ಅಂದರೆ ಸದ್ದು ತಡೆಯುವ ಗಾಜಿನ ಗೂಡಿನೊಳಗೆ ಕೂತು, ಅವರು ಮಾತಾಡುತ್ತಿರುವಾಗಲೇ ನೀವೂ ಮಾತಾಡುತ್ತೀರಿ. ಕೇಳುವವರ ಕಿವಿಯಲ್ಲಿ ಹೆಡ್‌ಸೆಟ್ ಇರುತ್ತದೆ. ಒಬ್ಬಿಬ್ಬರು ಅತಿಥಿಗಳಿಗೆ ಮಾತ್ರ ಬೇಕಿದ್ದರೆ ಅವರ ಹಿಂದೆ ಕುರ್ಚಿ ಹಾಕಿಕೊಂಡು ಮೆಲ್ಲಗೆ ಕಿವಿಯಲ್ಲಿ ಹೇಳುವುದೂ ಇದೆ. ಇದರಲ್ಲಿ ಗಂಟಲು ಬೇಗ ಹೋಗುತ್ತದೆ. ಅರ್ಧ ಗಂಟೆಗಿಂತ ಜಾಸ್ತಿ ಒಪ್ಪಬೇಡಿ.

ಈಗ ಸಮಯದ ಲೆಕ್ಕ ನೋಡಿ. ವಿದೇಶಿ ಅತಿಥಿಯ ಭಾಷಣಕ್ಕೆ ಬೂತು, ಹೆಡ್‌ಸೆಟ್ ಎಲ್ಲಾ ಇರುತ್ತದೆ. ಹತ್ತು ನಿಮಿಷ ಕೊಟ್ಟರೆ ಅವರು ಹತ್ತೂ ನಿಮಿಷ ಮಾತಾಡುತ್ತಾರೆ. ಆಮೇಲೆ ಕೊಪ್ಪದ ಕಡೆಯಿಂದ ಬಂದ, ಅಡಿಕೆ ಹಾಳೆ ತಟ್ಟೆ ಮಾಡುವ ಹೆಣ್ಣುಮಗಳು ವೇದಿಕೆಗೆ ಬರುತ್ತಾರೆ. ಅವರಿಗೂ ಹತ್ತು ನಿಮಿಷ. ಆದರೆ ಅವರ ಮಾತನ್ನು ನಿಲ್ಲಿಸಿ ನಿಲ್ಲಿಸಿ ಇಂಗ್ಲಿಷಿಗೆ ಹೇಳಬೇಕು. ಅವರ ಪಾಲಿಗೆ ಉಳಿದದ್ದು ಐದೇ ನಿಮಿಷ. ಪಟ್ಟಿಯಲ್ಲಿ ಮಾತ್ರ ಇಬ್ಬರಿಗೂ ಸಮ ಅಂತ ಇರುತ್ತದೆ. ಇದನ್ನು ವ್ಯವಸ್ಥಾಪಕರಿಗೆ ಮೊದಲೇ ಹೇಳಬೇಕು. ಒಂದೋ ಬೂತಿನಿಂದ ಎರಡೂ ಕಡೆಗೆ ಅನುವಾದ ಹೋಗಲಿ, ಇಲ್ಲವೇ ಆ ಹೆಣ್ಣುಮಕ್ಕಳಿಗೆ ಎರಡರಷ್ಟು ಸಮಯ ಬರೆಯಲಿ. ಯಾರೂ ಬೇಕಂತ ಮಾಡಿರುವುದಿಲ್ಲ. ಹೇಳಿದರೆ ತಿದ್ದಿಕೊಳ್ಳುತ್ತಾರೆ. ಹೇಳದಿದ್ದರೆ ಹಾಗೇ ನಡೆದುಹೋಗುತ್ತದೆ.

ಇನ್ನೊಂದು. ಹೆಡ್‌ಸೆಟ್ಟುಗಳನ್ನು ಸಭೆಯಲ್ಲಿ ಕೂತವರಿಗೆ ಹಂಚುತ್ತಾರೆ. ವೇದಿಕೆಯ ಮೇಲೆ ಕೂತವರಿಗೆ ಕೊಡಲು ಯಾರಿಗೂ ನೆನಪಾಗುವುದಿಲ್ಲ. ಕನ್ನಡದ ಮಾತು ಅರ್ಥ ಆಗಬೇಕಾದವರು ಅಲ್ಲೇ ಮೇಲೆ ಕೂತಿರುತ್ತಾರೆ! ಮುಗುಳ್ನಗುತ್ತಾ, ತಲೆ ಆಡಿಸುತ್ತಾ, ಒಂದಕ್ಷರ ತಿಳಿಯದೆ. ನಾನು ಕಾರ್ಯಕ್ರಮ ಶುರುವಾಗುವ ಮುಂಚೆ ನಾನೇ ಹೋಗಿ ವೇದಿಕೆಯ ಪ್ರತಿ ಕುರ್ಚಿಯ ಮೇಲೂ ಒಂದೊಂದು ಇಟ್ಟು ಬರುತ್ತೇನೆ.

ಜೊತೆಗೊಬ್ಬರು

ಬೂತಿನ ಕೆಲಸಕ್ಕೆ ಇಬ್ಬರು ಬೇಕೇ ಬೇಕು. 20ರಿಂದ 30 ನಿಮಿಷಕ್ಕೊಮ್ಮೆ ಕೈ ಬದಲಾಯಿಸುತ್ತಾರೆ. ಪ್ರಪಂಚದ ಎಲ್ಲಾ ಕಡೆ ಹೀಗೇ ನಡೆಯುತ್ತದೆ. ಕೇಳುತ್ತಾ, ಅರ್ಥ ಮಾಡಿಕೊಳ್ಳುತ್ತಾ, ಬೇರೆ ಭಾಷೆಯಲ್ಲಿ ಹೇಳುತ್ತಾ, ಹೇಳಿದ್ದು ಸರಿಯಾ ಅಂತ ತನ್ನ ದನಿಯನ್ನೇ ಕೇಳಿಕೊಳ್ಳುತ್ತಾ ಇರಬೇಕು. ಅರ್ಧ ಗಂಟೆ ದಾಟಿದರೆ ತಪ್ಪುಗಳು ಶುರುವಾಗುತ್ತವೆ. ಕೆಟ್ಟದ್ದೇನೆಂದರೆ, ಮಾಡುವವರಿಗೆ ಅದು ಗೊತ್ತಾಗುವುದಿಲ್ಲ. "ಇಬ್ಬರಿಗೆ ಯಾಕೆ ಮೇಡಂ ದುಡ್ಡು, ಒಬ್ಬರು ಸುಮ್ನೆ ಕೂತಿರ್ತಾರಲ್ಲ" ಅಂತ ಕೇಳಿದವರಿಗೆ ಇದನ್ನೇ ಹೇಳಿ.

ಸುಮ್ಮನೆ ಕೂತವರು ಸುಮ್ಮನೆ ಕೂತಿರುವುದಿಲ್ಲ. ನನ್ನ ಜೊತೆಗಾರ್ತಿ ಸಕಲೇಶಪುರದವರು, ಬ್ಯಾಂಕಿನಲ್ಲಿ ಕೆಲಸ ಮಾಡಿ ರಿಟೈರ್ ಆದವರು. ನಾನು ಮಾತಾಡುತ್ತಿರುವಾಗ ಅವರು ಬರುವ ಪ್ರತಿ ಅಂಕಿಯನ್ನೂ ದಪ್ಪ ಪೆನ್ನಿನಲ್ಲಿ ಬರೆದು ನನ್ನ ಕಣ್ಣೆದುರು ಇಡುತ್ತಾರೆ. ಹೆಸರು ಬಂದರೆ ಹೆಸರು. ಯೋಜನೆ ಬಂದರೆ ಯೋಜನೆ. ಅವರಿಲ್ಲದೆ ನಾನು ಬಜೆಟ್ ಮಾತಾಡುವ ಗೋಷ್ಠಿಗೆ ಹೋಗುವುದೇ ಇಲ್ಲ.

ಒಂದು ಹಳೇ ಉಪಾಯ ಇದೆ. ಎರಡನೇ ಮಹಾಯುದ್ಧ ಮುಗಿದ ಮೇಲೆ, 1945ರ ನವೆಂಬರ್‌ನಲ್ಲಿ ನ್ಯೂರೆಂಬರ್ಗ್‌ನಲ್ಲಿ ನಾಜಿ ನಾಯಕರ ವಿಚಾರಣೆ ಶುರುವಾಯಿತು. ಇಂಗ್ಲಿಷ್, ಫ್ರೆಂಚ್, ರಷ್ಯನ್, ಜರ್ಮನ್ ನಾಲ್ಕರಲ್ಲೂ ಏಕಕಾಲಕ್ಕೆ ಅನುವಾದ ನಡೆಯಬೇಕಿತ್ತು. ಐಬಿಎಂ ಕಂಪನಿಯ ಉಪಕರಣಗಳನ್ನು ತಂದು ಕೂರಿಸಿದ್ದರು. ಈ ಕೆಲಸ ಅಷ್ಟು ದೊಡ್ಡದಾಗಿ ನಡೆದದ್ದು ಅದೇ ಮೊದಲು. ಮಾತಾಡುವವರು ತೀರಾ ಜೋರಾಗಿ ಓಡಿದರೆ ಹಳದಿ ದೀಪ ಹೊತ್ತಿಸುತ್ತಿದ್ದರು, ನಿಧಾನ ಮಾಡಿ ಅಂತ. ಕೆಂಪು ದೀಪ ಹತ್ತಿದರೆ ನಿಲ್ಲಿಸಬೇಕು. ನಮ್ಮ ಹಾಲ್‌ಗಳಲ್ಲಿ ದೀಪ ಎಲ್ಲಿ ಬರಬೇಕು? ಸ್ಟೇಷನರಿ ಅಂಗಡಿಯಿಂದ ಹಳದಿ, ಕೆಂಪು ರಟ್ಟು ತಂದು ಮುಂದಿನ ಸಾಲಿನಲ್ಲಿ ಒಬ್ಬ ಸ್ವಯಂಸೇವಕಿಯನ್ನು ಕೂರಿಸಿ. ಬೂತಿನಿಂದ ನೀವು ಕೈ ಎತ್ತಿದರೆ ಆ ಹುಡುಗಿ ರಟ್ಟು ಎತ್ತಬೇಕು. ಭಾಷಣಕಾರರಿಗೆ ಬೆಳಗ್ಗೆ ಕಾಫಿ ಹೊತ್ತಿನಲ್ಲೇ ಇದನ್ನು ತಿಳಿಸಿಬಿಡಿ. ಇಲ್ಲದಿದ್ದರೆ ಹಳದಿ ರಟ್ಟು ನೋಡಿ ಸಮಯ ಮುಗಿಯಿತು ಅಂದುಕೊಂಡು ಇನ್ನೂ ಜೋರಾಗಿ ಓಡುತ್ತಾರೆ.

ವಿಷಯದ ತಯಾರಿ

ಭಾಷಣದ ಪ್ರತಿ, ಪರದೆಯ ಮೇಲೆ ತೋರಿಸುವ ಸ್ಲೈಡು, ಏನಿದೆಯೋ ಅದನ್ನು ಒಂದು ವಾರ ಮುಂಚೆ ಕೇಳಿ. ಹಿಂದಿನ ರಾತ್ರಿ ಹನ್ನೊಂದಕ್ಕೆ ವಾಟ್ಸಾಪಿನಲ್ಲಿ ಬರುತ್ತದೆ. ಆದರೂ ಕೇಳುತ್ತಲೇ ಇರಿ. ಅಷ್ಟರಲ್ಲಿ ನೀವು ನಿಮ್ಮ ಪಾಡಿಗೆ ಓದಿಕೊಳ್ಳಬೇಕು.

ನಮ್ಮ ಕಡೆ ಹಸಿರು ಉದ್ಯಮ ಅಂದರೆ ಮೊದಲು ಕಾಫಿ ಬರುತ್ತದೆ. ಆಮೇಲೆ ಮೆಣಸು, ಜೇನು, ಅಡಿಕೆ ಹಾಳೆ, ಬಾಳೆ ನಾರು. ಅರಸೀಕೆರೆ ಕಡೆಯವರಾದರೆ ತೆಂಗಿನ ನಾರು, ಕೊಬ್ಬರಿ, ರಾಗಿ ಮಾಲ್ಟ್. ಜೊತೆಗೆ ಎರೆಗೊಬ್ಬರ, ಬಟ್ಟೆ ಚೀಲ, ಸೋಲಾರ್ ಡ್ರೈಯರ್. ಇವುಗಳಲ್ಲಿ ಒಂದೊಂದನ್ನೂ ಮಾಡುವವರ ಬಾಯಿಂದಲೇ ಕೇಳಿ ಬನ್ನಿ. ಇಂಟರ್ನೆಟ್ಟಿನಲ್ಲಿ ಓದಿದರೆ ಇಂಗ್ಲಿಷ್ ಪದ ಸಿಗುತ್ತದೆ, ನಮ್ಮವರು ಆಡುವ ಮಾತು ಸಿಗುವುದಿಲ್ಲ.

ಕಾಫಿಯಲ್ಲೇ ಒಂದು ಗುಂಡಿ ಇದೆ, ಎಲ್ಲರೂ ಬೀಳುತ್ತಾರೆ. ಹೊರದೇಶದವರು ಚೆರ್ರಿ ಅಂದರೆ ಗಿಡದಿಂದ ಈಗಷ್ಟೇ ಕೊಯ್ದ ಹಣ್ಣು. ನಮ್ಮ ಮಾರುಕಟ್ಟೆಯಲ್ಲಿ ಚೆರ್ರಿ ಅಂದರೆ ಹಣ್ಣನ್ನು ಹಾಗೇ ಕಣದಲ್ಲಿ ಒಣಗಿಸಿದ್ದು. ಸಿಪ್ಪೆ ಸುಲಿಯುವ ಪಲ್ಪರ್ ಯಂತ್ರಕ್ಕೆ ಹಾಕಿ, ತೊಳೆದು, ಒಣಗಿಸಿದರೆ ಪಾರ್ಚ್‌ಮೆಂಟ್. ನಮ್ಮವರು ಚೆರ್ರಿ ರೇಟು ಹೇಳಿದಾಗ ಅದನ್ನು ಹಾಗೇ ಇಂಗ್ಲಿಷಿಗೆ ದಾಟಿಸಿದರೆ, ಎದುರಿನವರು ಹಸಿ ಹಣ್ಣಿನ ರೇಟು ಅಂದುಕೊಂಡು ಹೌಹಾರುತ್ತಾರೆ. ಒಣಗಿಸಿದ ಹಣ್ಣು ಅಂತ ಸೇರಿಸಿಯೇ ಹೇಳಿ. ಕಾಂಡಕೊರಕ, ಕಾಯಿಕೊರಕ ಎರಡೂ ಹುಳುಗಳನ್ನು ನಮ್ಮವರು ಬರೀ ಬೋರರ್ ಅಂತಾರೆ. ಯಾವುದು ಅಂತ ಮುಂದಿನ ಮಾತಿನಿಂದ ತಿಳಿಯಬೇಕು. ಗಿಡ ಕಿತ್ತು ಸುಟ್ಟೆವು ಅಂದರೆ ಕಾಂಡಕೊರಕ.

ಯುರೋಪಿನವರು ಬಂದರೆ ಅರಣ್ಯನಾಶದ ಕಾನೂನಿನ ಮಾತು ಬಂದೇ ಬರುತ್ತದೆ. ಐರೋಪ್ಯ ಒಕ್ಕೂಟ 2023ರಲ್ಲಿ ಇದನ್ನು ಮಾಡಿತು. ಕಾಫಿ, ಕೋಕೋ, ರಬ್ಬರ್, ತಾಳೆ ಎಣ್ಣೆ, ಸೋಯಾ, ಮರ, ದನ ಇಷ್ಟಕ್ಕೆ ಅನ್ವಯಿಸುತ್ತದೆ. 2020ರ ಡಿಸೆಂಬರ್ 31ರ ನಂತರ ಕಾಡು ಕಡಿದು ಮಾಡಿದ ಜಮೀನಿನ ಬೆಳೆ ಅಲ್ಲಿಗೆ ಹೋಗುವಂತಿಲ್ಲ. ಬೆಳೆದ ಜಾಗವನ್ನು ನಕ್ಷೆಯಲ್ಲಿ ಗುರುತಿಸಿ ಕೊಡಬೇಕು. 4 ಹೆಕ್ಟೇರ್‌ಗಿಂತ ದೊಡ್ಡ ತೋಟವಾದರೆ ಸುತ್ತಲಿನ ಗಡಿಯನ್ನೇ ಕೊಡಬೇಕು, ಚಿಕ್ಕದಾದರೆ ಒಂದು ಬಿಂದು ಸಾಕು. ಜಾರಿಯ ದಿನ ಒಂದಕ್ಕಿಂತ ಹೆಚ್ಚು ಸಲ ಮುಂದಕ್ಕೆ ಹೋಗಿದೆ. ಹೊರಡುವ ಹಿಂದಿನ ದಿನ ಹೊಸ ಸ್ಥಿತಿ ಏನು ಅಂತ ನೋಡಿಕೊಳ್ಳಿ.

ಇದನ್ನು ಕನ್ನಡದಲ್ಲಿ "ಮರ ಕಡಿಯಬಾರದು" ಅಂತ ಹೇಳಿಬಿಟ್ಟರೆ ಸಭೆಯಲ್ಲಿ ಗದ್ದಲ ಏಳುತ್ತದೆ. ನಮ್ಮ ತೋಟಗಳಲ್ಲಿ ವರ್ಷ ವರ್ಷ ಮರಗಸಿ ಮಾಡುತ್ತಾರೆ. ನೆರಳು ಹೆಚ್ಚಾದರೆ ಕಾಫಿ ಬರುವುದಿಲ್ಲ, ಅದಕ್ಕೆ ಕೊಂಬೆ ಸವರುವುದು. ಅದು ಈ ಕಾನೂನಿನ ವಿಷಯವೇ ಅಲ್ಲ. ಕಾಡನ್ನು ತೆಗೆದು ಜಮೀನು ಮಾಡುವುದು ಅಂತ ಬಿಡಿಸಿ ಹೇಳಿ. ಆಮೇಲೆ ಒಬ್ಬರಾದರೂ ಎದ್ದು ಕೇಳುತ್ತಾರೆ: "ಪಹಣಿ ನಮ್ಮ ಮಾವನ ಹೆಸರಲ್ಲಿದೆ. ತೋಟ ನೋಡೋದು ನಾನು. ಈ ಕಾಗದಕ್ಕೆ ಸೈನ್ ಯಾರು ಹಾಕ್ಬೇಕು?" ಇಡೀ ದಿನದ ಒಳ್ಳೇ ಪ್ರಶ್ನೆ ಇದೇ ಆಗಿರುತ್ತದೆ. ಪಹಣಿ ಅಂದರೇನು ಅಂತ ಅರ್ಧ ವಾಕ್ಯದಲ್ಲಿ ಇಂಗ್ಲಿಷಿಗೆ ಹೇಳಲು ಮುಂಚೆಯೇ ಬರೆದಿಟ್ಟುಕೊಂಡಿರಬೇಕು. ಆಗ ಹುಡುಕುತ್ತಾ ಕೂತರೆ ಪ್ರಶ್ನೆಯ ಬಿಸಿ ಆರುತ್ತದೆ.

ಅಡಿಕೆ ಹಾಳೆ ತಟ್ಟೆಯ ಎರಡೂ ಮುಖ ಓದಿಕೊಳ್ಳಿ. 2022ರ ಜುಲೈ 1ರಿಂದ ದೇಶದಲ್ಲಿ ಒಂದು ಸಲ ಬಳಸಿ ಎಸೆಯುವ ಪ್ಲಾಸ್ಟಿಕ್ ತಟ್ಟೆ, ಲೋಟ, ಚಮಚ ನಿಷೇಧ ಆಯಿತು. ಹಾಳೆ ತಟ್ಟೆಗೆ ಅದರಿಂದ ಬೇಡಿಕೆ ಬಂತು ಅಂತ ಹೆಣ್ಣುಮಕ್ಕಳು ಹೇಳುತ್ತಾರೆ. 2025ರಲ್ಲಿ ಅಮೆರಿಕದ ಆಹಾರ ಮತ್ತು ಔಷಧ ಇಲಾಖೆ ಈ ತಟ್ಟೆಯಲ್ಲಿ ಊಟ ಬಡಿಸುವುದು ಸುರಕ್ಷಿತವಲ್ಲ ಅಂತ ಆಕ್ಷೇಪ ಎತ್ತಿತು. ಕೊಳ್ಳಲು ಬಂದವರು ಅದನ್ನು ಕೇಳಿಯೇ ಕೇಳುತ್ತಾರೆ. ನಮ್ಮವರಿಗೆ ಬೇಜಾರಾಗುತ್ತದೆ ಅಂತ ಪ್ರಶ್ನೆಯನ್ನು ಮೆತ್ತಗೆ ಮಾಡಬೇಡಿ. ಕೇಳಿದ್ದನ್ನು ಕೇಳಿದ ಹಾಗೆಯೇ ದಾಟಿಸಿ. ಉತ್ತರ ಅವರ ಹತ್ತಿರ ಇರುತ್ತದೆ, ಬಿಡಿ.

ಕಾರ್ಬನ್ ಕ್ರೆಡಿಟ್, ನೆಟ್ ಝೀರೋ, ಸರ್ಕ್ಯುಲರ್ ಎಕಾನಮಿ ಇಂಥವಕ್ಕೆ ಕನ್ನಡದಲ್ಲಿ ಭಾರದ ಪದ ಹುಡುಕಲು ಹೋಗಬೇಡಿ. ಮೊದಲ ಸಲ ಬಂದಾಗ ಅದೇ ಪದ ಹೇಳಿ, ಒಂದೇ ಉಸಿರಿನಲ್ಲಿ ಅರ್ಥ ಹೇಳಿ, ಆಮೇಲೆ ಪದವೊಂದನ್ನೇ ಬಳಸಿ. ಒಂದು ಕಾರ್ಬನ್ ಕ್ರೆಡಿಟ್ ಅಂದರೆ ಒಂದು ಟನ್ ಇಂಗಾಲದ ಡೈಆಕ್ಸೈಡಿನಷ್ಟು ಹೊಗೆ ಗಾಳಿಗೆ ಹೋಗದಂತೆ ತಡೆದದ್ದಕ್ಕೆ ಅಥವಾ ಗಾಳಿಯಿಂದ ತೆಗೆದದ್ದಕ್ಕೆ ಸಿಗುವ ಲೆಕ್ಕ, ಅದನ್ನು ಮಾರಬಹುದು. ಇಷ್ಟು ಸಾಕು. ಹಾಗೆಯೇ ಆ ಕಡೆಗೂ. ಸಂಜೀವಿನಿ, ಸ್ತ್ರೀಶಕ್ತಿ ಅಂತ ನಮ್ಮವರು ಹೇಳಿದರೆ ಹೊರಗಿನವರಿಗೆ ಏನೂ ತಿಳಿಯುವುದಿಲ್ಲ. ಸ್ತ್ರೀಶಕ್ತಿ ಗುಂಪುಗಳು 2000ದ ಹೊತ್ತಿಗೆ ರಾಜ್ಯ ಸರ್ಕಾರ ಶುರು ಮಾಡಿದ್ದು, ಸ್ವಸಹಾಯ ಸಂಘಗಳಿಗೆ ಬ್ಯಾಂಕ್ ಸಾಲ ಕೊಡಿಸುವ ಕೆಲಸ ನಬಾರ್ಡ್ 1992ರಲ್ಲಿ ಆರಂಭಿಸಿದ್ದು, ಕಿರು ಆಹಾರ ಘಟಕಗಳಿಗೆ ಕೇಂದ್ರದ 2020ರ ಯೋಜನೆಯಲ್ಲಿ ನೂರಕ್ಕೆ 35ರಷ್ಟು, ಹೆಚ್ಚೆಂದರೆ 10 ಲಕ್ಷದವರೆಗೆ ಸಬ್ಸಿಡಿ ಇಟ್ಟದ್ದು, ಇಂಥವನ್ನು ಒಂದೊಂದು ಸಾಲಿನಲ್ಲಿ ಇಂಗ್ಲಿಷಿನಲ್ಲಿ ಬರೆದು ಬೂತಿನ ಗಾಜಿಗೆ ಅಂಟಿಸಿಕೊಳ್ಳಿ.

ಅಂಕಿ

ಒಂದು ಮಿಲಿಯನ್ 10 ಲಕ್ಷ. ಒಂದು ಬಿಲಿಯನ್ 100 ಕೋಟಿ. ಒಂದು ಹೆಕ್ಟೇರ್ ಸುಮಾರು ಎರಡೂವರೆ ಎಕರೆ. ಒಂದು ಎಕರೆ 40 ಗುಂಟೆ. ಇವು ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೂ ಬರಬೇಕು.

ಬೆಲೆಯ ವಿಷಯದಲ್ಲಿ ಮಾತ್ರ ಲೆಕ್ಕ ಮಾಡಲು ಹೋಗಬೇಡಿ. ನಮ್ಮಲ್ಲಿ ಕಾಫಿ ರೇಟು 50 ಕೆಜಿ ಮೂಟೆಗೆ ಹೇಳುತ್ತಾರೆ. ನ್ಯೂಯಾರ್ಕಿನಲ್ಲಿ ಅರೇಬಿಕಾ ಪೌಂಡಿಗೆ ಇಷ್ಟು ಸೆಂಟ್ ಅಂತ, ಲಂಡನ್ನಿನಲ್ಲಿ ರೊಬಸ್ಟಾ ಟನ್ನಿಗೆ ಇಷ್ಟು ಡಾಲರ್ ಅಂತ. ಬೂತಿನಲ್ಲಿ ಕೂತು ಪೌಂಡನ್ನು ಮೂಟೆಗೆ, ಸೆಂಟನ್ನು ರೂಪಾಯಿಗೆ ತಿರುಗಿಸುತ್ತಾ ಕೂತರೆ ಮುಂದಿನ ಎರಡು ವಾಕ್ಯ ಕೈಬಿಟ್ಟು ಹೋಗುತ್ತವೆ. ಅಂಕಿ ಹೇಳಿ, ಜೊತೆಗೆ ಅಳತೆ ಹೇಳಿ, ಮುಂದೆ ಹೋಗಿ. ಸಭೆಯಲ್ಲಿ ಕೂತ ಕಾಫಿ ಬೆಳೆಗಾರರಿಗೆ ನಿಮಗಿಂತ ಬೇಗ ಲೆಕ್ಕ ಬರುತ್ತದೆ.

ಹಾಲ್‌ನಲ್ಲಿ

ಬೂತು, ಹೆಡ್‌ಸೆಟ್ ಸಾಮಾನ್ಯವಾಗಿ ಬೆಂಗಳೂರಿನಿಂದ ಬಾಡಿಗೆಗೆ ಬರುತ್ತವೆ. ಗಾಡಿ ಹಿಂದಿನ ಸಂಜೆಯೇ ಬಂದು ಇಳಿಯಬೇಕು, ಬೆಳಗ್ಗೆ ಅಲ್ಲ. ಬೂತಿನಿಂದ ಪರದೆಯೂ ಕಾಣಬೇಕು, ಮಾತಾಡುವವರ ಮುಖವೂ ಕಾಣಬೇಕು. ವೇದಿಕೆಯ ಬದಿಯಲ್ಲಿ ಕಂಬದ ಹಿಂದೆ ಇಡುತ್ತೇವೆ ಅಂದರೆ ಒಪ್ಪಬೇಡಿ. ಜನರೇಟರ್ ಇದೆಯಾ ಅಂತ ಕೇಳಿದರೆ ಸಾಲದು. ಅದು ಬೂತಿಗೂ ಹೋಗುತ್ತದಾ ಅಂತ ಕೇಳಿ. ಕೆಲವು ಕಡೆ ಅದು ಫ್ಯಾನು, ದೀಪಕ್ಕೆ ಮಾತ್ರ ಇರುತ್ತದೆ. ಜೂನ್‌ನಿಂದ ಸೆಪ್ಟೆಂಬರ್ ಒಳಗಾದರೆ ಮೇಲೆ ಶೀಟ್ ಹಾಕಿದ ಹಾಲ್ ಬೇಡವೇ ಬೇಡ ಅನ್ನಿ. ನಮ್ಮ ಮಳೆ ಶೀಟಿನ ಮೇಲೆ ಬಿದ್ದರೆ ಪಕ್ಕದಲ್ಲಿದ್ದವರ ಮಾತೂ ಕೇಳುವುದಿಲ್ಲ.

ಹೆಡ್‌ಸೆಟ್ ಹಂಚುವಾಗ ಗಲಾಟೆ ಇದ್ದದ್ದೇ. ಕಿವಿಗೆ ಸಿಕ್ಕಿಸುವಂಥದ್ದು ನಮ್ಮ ಹೆಣ್ಣುಮಕ್ಕಳಿಗೆ ಕಷ್ಟ. ಜುಮುಕಿ, ಓಲೆ, ಮಾಟಿ ಅಡ್ಡ ಬರುತ್ತವೆ. ತಲೆ ಮೇಲಿಂದ ಹಾಕುವಂಥದ್ದೇ ತರಿಸಿ. ಹಂಚಲು ಕಾಲೇಜು ಹುಡುಗಿಯರನ್ನು ನಿಲ್ಲಿಸಿ, ಒಬ್ಬೊಬ್ಬರಿಗೂ ಚಾನೆಲ್ ಹಾಕಿ ಕೊಡಲಿ: ಒಂದರಲ್ಲಿ ಕನ್ನಡ, ಎರಡರಲ್ಲಿ ಇಂಗ್ಲಿಷ್. ಕಾರ್ಯಕ್ರಮ ಶುರುವಾಗುವ ಮುಂಚೆ ನೀವು ಬೂತಿನಿಂದ "ಅಕ್ಕಂದಿರೇ, ನನ್ನ ಮಾತು ಕೇಳ್ತಿದೆಯಾ? ಕೇಳಿದ್ರೆ ಕೈ ಎತ್ತಿ" ಅನ್ನಿ. ಕೈ ಎತ್ತದವರ ಹತ್ತಿರ ಹುಡುಗಿಯರು ಓಡಲಿ. ಈ ಐದು ನಿಮಿಷ ಸಿಗದಿದ್ದರೆ ಸಭೆಯ ಅರ್ಧ ಜನ ಮಧ್ಯಾಹ್ನದವರೆಗೆ ಬರೀ ಗುಂಯ್ ಅನ್ನುವ ಶಬ್ದ ಕೇಳುತ್ತಾ ಕೂತಿರುತ್ತಾರೆ, ಸಂಕೋಚಕ್ಕೆ ಯಾರಿಗೂ ಹೇಳುವುದಿಲ್ಲ.

ನಿಮ್ಮ ವಿಷಯ. ಗಾಜಿನ ಬಳೆ ತೆಗೆದಿಟ್ಟು ಬನ್ನಿ, ಮೈಕಿನಲ್ಲಿ ಕೇಳುತ್ತದೆ. ಹಾಳೆ ತಿರುಗಿಸುವ ಸದ್ದೂ ಕೇಳುತ್ತದೆ, ಹಾಗಾಗಿ ಬಿಡಿ ಹಾಳೆಗಳೇ ಒಳ್ಳೆಯದು. ಕೆಮ್ಮು ಬಂದರೆ ಒತ್ತಲು, ಮೈಕ್ ಬಂದ್ ಮಾಡುವ ಒಂದು ಗುಂಡಿ ಇರುತ್ತದೆ, ಎಲ್ಲಿದೆ ಅಂತ ಮೊದಲೇ ನೋಡಿಕೊಳ್ಳಿ. ಉಗುರು ಬೆಚ್ಚಗಿನ ನೀರು ಇಟ್ಟುಕೊಳ್ಳಿ. ನಮ್ಮೂರಲ್ಲಿ ಗಂಟೆಗೊಂದು ಸಲ ಕಾಫಿ ತಂದು ಕೈಗೆ ಕೊಡುತ್ತಾರೆ. ಬೇಡ ಅಂದರೆ ಬೇಜಾರು ಮಾಡಿಕೊಳ್ಳುತ್ತಾರೆ. ತೆಗೆದುಕೊಂಡು ಜೊತೆಗಾರ್ತಿಗೆ ಕೊಡಿ.

ಉದ್ಘಾಟನೆಯ ಬಗ್ಗೆ ಹೆಚ್ಚು ತಲೆ ಕೆಡಿಸಿಕೊಳ್ಳಬೇಡಿ. ಪ್ರಾರ್ಥನೆ, ನಾಡಗೀತೆ, ದೀಪ ಬೆಳಗಿಸುವುದು, ಸ್ವಾಗತ, ಸನ್ಮಾನ. ಗಣ್ಯರ ಹೆಸರು, ಹುದ್ದೆಯ ಪಟ್ಟಿ ಕೈಯಲ್ಲಿದ್ದರೆ ಸಾಕು. ಯಾರಾದರೂ ವಚನ ಹೇಳಿದರೆ ಹನ್ನೆರಡನೇ ಶತಮಾನದ ವಚನ ಹೇಳುತ್ತಿದ್ದಾರೆ, ಇದರ ಸಾರ ಇದು ಅಂತ ಒಂದು ಸಾಲಿನಲ್ಲಿ ಮುಗಿಸಿ.

ಅವರು ಮಾತಾಡುವಾಗ

ಕನ್ನಡದಿಂದ ಇಂಗ್ಲಿಷಿಗೆ ಹೋಗುವಾಗಲೇ ನಿಜವಾದ ಕಷ್ಟ. ಕಂಪನಿಯವರ ಭಾಷಣಕ್ಕೆ ಒಂದು ಜಾಡು ಇರುತ್ತದೆ, ಮುಂದೆ ಏನು ಬರುತ್ತದೆ ಅಂತ ಊಹಿಸಬಹುದು. ಹೆಣ್ಣುಮಕ್ಕಳ ಮಾತು ಹಾಗಲ್ಲ. ತಟ್ಟೆಯ ಮೆಷಿನ್‌ನಿಂದ ಶುರುವಾಗಿ, ಮಗಳ ಪಿಯುಸಿಗೆ ಹೋಗಿ, ಬ್ಯಾಂಕ್ ಮ್ಯಾನೇಜರ್ ಹತ್ತಿರ ನಿಂತು, ಮತ್ತೆ ಮೆಷಿನ್‌ಗೆ ಬರುತ್ತದೆ. ಅದನ್ನು ನೆಟ್ಟಗೆ ಮಾಡಿ ಹೇಳುವ ಆಸೆ ಬರುತ್ತದೆ. ಮಾಡಬೇಡಿ. ಆ ದಾರಿಯಲ್ಲೇ ವಿಷಯ ಇರುತ್ತದೆ. ಮಗಳ ಫೀಸು ಕಟ್ಟುವ ತಿಂಗಳಿಗೇ ಸಾಲದ ಕಂತು ಬಂದದ್ದರಿಂದ ಮೆಷಿನ್ ನಿಂತಿತ್ತು ಅನ್ನುವುದು ಅವರು ಹೇಳುತ್ತಿರುವ ಕಥೆ.

ಅವರು "ನಾನು" ಅಂದರೆ ನೀವೂ ನಾನು ಅಂತಲೇ ಹೇಳಬೇಕು. "ಇವರು ಹೇಳ್ತಿದ್ದಾರೆ, ಇವರ ಪ್ರಕಾರ" ಅಂತ ಶುರು ಮಾಡಿದರೆ ಎದುರಿನವರು ನಿಮ್ಮ ಮುಖ ನೋಡುತ್ತಾರೆ, ಅವರ ಮುಖ ನೋಡುವುದಿಲ್ಲ. "ನಮ್ಮೆಜಮಾನ್ರು ಸೈನ್ ಹಾಕಲ್ಲ ಅಂದ್ರು" ಅಂದರೆ ಹಾಗೇ ಹೇಳಿ. ಕುಟುಂಬದಿಂದ ಸಹಕಾರದ ಕೊರತೆ ಅಂತ ಇಸ್ತ್ರಿ ಮಾಡಬೇಡಿ. "ನಾವೇನು ದೊಡ್ಡದು ಮಾಡಿಲ್ಲ ಬಿಡಿ" ಅಂತ ನಮ್ಮವರು ಮಾತು ಶುರು ಮಾಡುತ್ತಾರೆ. ಅದನ್ನೂ ಹೇಳಿ. ಆಮೇಲೆ ಅವರು ಮೂವತ್ತು ಜನಕ್ಕೆ ಕೆಲಸ ಕೊಟ್ಟಿರುವ ವಿಷಯ ಬಂದಾಗ ಕೇಳುವವರಿಗೇ ಗೊತ್ತಾಗುತ್ತದೆ.

ಬೂತಿಲ್ಲದೆ, ಅವರು ನಿಲ್ಲಿಸಿದ ಮೇಲೆ ಸರದಿಯಲ್ಲಿ ಹೇಳುವಾಗ ನೋಟ್ಸ್ ಬೇಕು. ಎಲ್ಲಾ ಬರೆಯಲು ಹೋಗಬೇಡಿ. ಸಣ್ಣ ನೋಟ್‌ಬುಕ್, ಹಾಳೆಯ ಎಡಕ್ಕೆ ಒಂದು ಗೆರೆ. ಗೆರೆಯ ಎಡಗಡೆ "ಆದರೆ, ಅದಕ್ಕೆ, ಆಮೇಲೆ" ಇಂಥ ಕೊಂಡಿಗಳು, ಬಲಗಡೆ ವಿಷಯ. ಒಬ್ಬರು ಹೀಗೆ ಹೇಳಿದರು ಅಂತ ಇಟ್ಟುಕೊಳ್ಳಿ: "ಮೊದ್ಲು ಹಾಳೆ ತೋಟದಲ್ಲೇ ಕೊಳೀತಿತ್ತು. ಎರಡು ವರ್ಷದ ಹಿಂದೆ ಸಂಘದಿಂದ ಸಾಲ ತಗೊಂಡು ಮೆಷಿನ್ ಹಾಕಿದ್ವಿ. ಆದ್ರೆ ಕರೆಂಟ್ ಹೋದ್ರೆ ತಟ್ಟೆ ಒತ್ತಕ್ಕಾಗಲ್ಲ. ಮದುವೆ ಸೀಸನ್‌ನಲ್ಲಿ ಆರ್ಡರ್ ಬರುತ್ತೆ. ಮಳೆಗಾಲಕ್ಕೆ ಇಟ್ಟರೆ ಬೂಷ್ಟು ಹಿಡಿಯುತ್ತೆ." ನನ್ನ ಪುಸ್ತಕದಲ್ಲಿ ಇದು ಐದು ಸಾಲು. ಹಾಳೆ, ಕೊಳೆ. 2 ವ, ಸಾಲ, ಬಾಣದ ಗುರುತು, ಮೆಷಿನ್. ಎಡಗಡೆ "ಆದರೆ", ಬಲಗಡೆ ಕರೆಂಟಿನ ಮೇಲೆ ಒಂದು ಅಡ್ಡಗೆರೆ, ತಟ್ಟೆಯ ಮೇಲೆ ಒಂದು ಅಡ್ಡಗೆರೆ. ಮದುವೆ, ಮೇಲ್ಮುಖದ ಬಾಣ. ಮಳೆ, ಬೂಷ್ಟು. ಅಷ್ಟೇ. ಒಂದೊಂದು ಮಾತು ಮುಗಿದಾಗ ಅಡ್ಡಕ್ಕೆ ಉದ್ದನೆಯ ಗೆರೆ ಎಳೆಯಿರಿ. ಇಲ್ಲದಿದ್ದರೆ ಓದುವಾಗ ಹಿಂದಿನ ಮಾತು ಮುಂದಿನದ್ದಕ್ಕೆ ಅಂಟಿಕೊಳ್ಳುತ್ತದೆ.

ಎಲ್ಲರದೂ ಒಂದೇ ಕನ್ನಡ ಅಲ್ಲ. ಕಡೂರು, ತರೀಕೆರೆ ತಾಂಡಾಗಳಿಂದ ಬಂದವರು ತಮ್ಮೊಳಗೆ ಲಂಬಾಣಿ ಮಾತಾಡುತ್ತಾರೆ. ಎಸ್ಟೇಟ್ ಲೈನಿನ, ಅಂದರೆ ಕಾರ್ಮಿಕರ ಮನೆಗಳವರಲ್ಲಿ ತಮಿಳು ಮನೆಮಾತಿನವರಿದ್ದಾರೆ, ತುಳುವಿನವರಿದ್ದಾರೆ. ಮೈಕ್ ಕೈಗೆ ಬಂದಾಗ ಕನ್ನಡದಲ್ಲಿ ತಡವರಿಸುವವರನ್ನು ಕಂಡರೆ "ನಿಮ್ಮ ಭಾಷೇಲೇ ಹೇಳಿ" ಅನ್ನಿ. ಪಕ್ಕದಲ್ಲಿ ಕೂತವರು ಅದನ್ನು ಕನ್ನಡಕ್ಕೆ ಹೇಳಲಿ, ನೀವು ಅಲ್ಲಿಂದ ಇಂಗ್ಲಿಷಿಗೆ ತೆಗೆದುಕೊಳ್ಳಿ. ದೊಡ್ಡ ಅಂತರರಾಷ್ಟ್ರೀಯ ಸಭೆಗಳಲ್ಲೂ ಒಂದು ಭಾಷೆಯಿಂದ ನೇರವಾಗಿ ಮಾಡುವವರು ಇಲ್ಲದಿದ್ದರೆ ಹೀಗೆ ಇನ್ನೊಂದು ಭಾಷೆಯ ಮೂಲಕವೇ ತರುತ್ತಾರೆ. ಇದರಲ್ಲಿ ನಾಚಿಕೆ ಏನಿಲ್ಲ.

ತೋಟ ನೋಡಲು ಹೋದರೆ ನಡೆಯುತ್ತಾ ಅನುವಾದ ಮಾಡಬೇಡಿ. ನಿಂತಾಗ ಮಾತ್ರ. ಪಲ್ಪರ್ ಓಡುತ್ತಿದ್ದರೆ ನಿಲ್ಲಿಸಲು ಹೇಳಿ. ಮಳೆಗಾಲದಲ್ಲಿ ರಕ್ತ ಹೀರುವ ಇಂಬಳ ಇರುತ್ತದೆ. ಅತಿಥಿಗಳಿಗೆ ಗಾಡಿ ಇಳಿಯುವ ಮುಂಚೆಯೇ ತಿಳಿಸಿ. ಪಲ್ಪಿಂಗ್ ನೀರು ಎಲ್ಲಿಗೆ ಹೋಗುತ್ತದೆ ಅಂತ ಅವರು ಕೇಳುತ್ತಾರೆ. ಎಸ್ಟೇಟಿನವರು ಮಾತು ಬದಲಾಯಿಸಿದರೆ ನೀವು ಉತ್ತರ ತುಂಬಿಸಿಕೊಡಬೇಡಿ. ಬದಲಾಯಿಸಿದ ಮಾತನ್ನೇ ದಾಟಿಸಿ.

ವ್ಯಾಪಾರದ ಮೇಜು

ಸಂಜೆ ಎದುರುಬದುರು ಕೂತಾಗ ನೀವು ತೀರಾ ಹತ್ತಿರದಲ್ಲಿರುತ್ತೀರಿ. ಕೊಳ್ಳುವವರು "ತಿಂಗಳಿಗೆ ಎಷ್ಟು ತಟ್ಟೆ ಕೊಡಬಲ್ಲಿರಿ, ಒಂದಕ್ಕೆ ಎಷ್ಟು" ಅಂತ ಕೇಳುತ್ತಾರೆ. ಹೆಣ್ಣುಮಗಳು ನಿಮ್ಮ ಕಡೆ ತಿರುಗಿ ಮೆಲ್ಲಗೆ, "ಅಕ್ಕಾ, ಎಷ್ಟು ಹೇಳ್ಲಿ?" ಅಂತಾರೆ.

ನಿಮಗೆ ರೇಟು ಗೊತ್ತಿರುತ್ತದೆ. ಬೆಳಗ್ಗೆಯಿಂದ ನಾಲ್ಕು ಮೇಜಿನಲ್ಲಿ ಕೇಳಿಸಿಕೊಂಡಿರುತ್ತೀರಿ. ಆದರೂ ಹೇಳುವಂತಿಲ್ಲ. ಪಕ್ಕದ ಮೇಜಿನ ರೇಟು ಅವರ ಗುಟ್ಟು. 1953ರಲ್ಲಿ ಶುರುವಾದ ಅಂತರರಾಷ್ಟ್ರೀಯ ಸಮ್ಮೇಳನ ದುಭಾಷಿಗಳ ಸಂಘದ ನಿಯಮಗಳಲ್ಲೂ ಗುಟ್ಟು ಕಾಯುವುದೇ ಮುಖ್ಯ. ಹಾಗಂತ ಸುಮ್ಮನೆ ಕೂತರೂ ಆಗದು, ಕೊಳ್ಳುವವರು ನೋಡುತ್ತಿರುತ್ತಾರೆ. ನಾನು ಹೀಗೆ ಮಾಡುತ್ತೇನೆ. ಆ ಕಡೆಗೆ ಇಂಗ್ಲಿಷಿನಲ್ಲಿ "ಎಷ್ಟು ಹೇಳಬೇಕು ಅಂತ ನನ್ನನ್ನು ಕೇಳುತ್ತಿದ್ದಾರೆ, ನಾನು ಸಲಹೆ ಕೊಡುವಂತಿಲ್ಲ ಅಂತ ಅವರಿಗೆ ಹೇಳುತ್ತೇನೆ" ಅನ್ನುತ್ತೇನೆ. ಈ ಕಡೆಗೆ "ನಾನು ಹೇಳಂಗಿಲ್ಲಮ್ಮ. ನಿಮಗೆ ಸಂಘದವ್ರನ್ನ ಕೇಳ್ಬೇಕು ಅನ್ಸಿದ್ರೆ ಅದನ್ನ ನೀವೇ ಹೇಳಿ, ನಾನು ಇವ್ರಿಗೆ ಹೇಳ್ತೀನಿ" ಅನ್ನುತ್ತೇನೆ. ಅವರು "ಹೌದು, ಹತ್ತು ನಿಮಿಷ ಕೊಡಿ" ಅನ್ನುತ್ತಾರೆ. ಅದನ್ನು ಹೇಳುತ್ತೇನೆ. ಕೊಳ್ಳುವವರು ಕಾಯುತ್ತಾರೆ. ಸಂಘದವರು ಹೊರಗೆ ಹೋಗಿ ಲೆಕ್ಕ ಹಾಕಿ ಬರುತ್ತಾರೆ. ಹಾಗೆ ಬಂದ ರೇಟು ಸಾಮಾನ್ಯವಾಗಿ ನನ್ನ ಮನಸ್ಸಿನಲ್ಲಿ ಇದ್ದದ್ದಕ್ಕಿಂತ ಜಾಸ್ತಿಯೇ ಇರುತ್ತದೆ.

ತಿಂಗಳಿಗೆ ಎಷ್ಟು ಅನ್ನುವ ಪ್ರಶ್ನೆಗೆ "ಮಳೆಗಾಲದಲ್ಲಿ ಆಗಲ್ಲ" ಅಂತ ಉತ್ತರ ಬಂದರೆ ಅದು ನಿರಾಕರಣೆ ಅಂತ ಕೊಳ್ಳುವವರು ಅಂದುಕೊಳ್ಳುತ್ತಾರೆ. ಯಾವ ತಿಂಗಳು ಆಗುತ್ತದೆ ಅಂತ ಅವರೇ ಕೇಳಲಿ, ನೀವು ಸೇರಿಸಬೇಡಿ. ಆದರೆ ಆತುರದಲ್ಲಿ ಫೈಲು ಮುಚ್ಚುವುದನ್ನು ಕಂಡರೆ, ಇನ್ನೇನಾದರೂ ಹೇಳುವುದಿದೆಯಾ ಅಂತ ಎರಡೂ ಕಡೆಯವರನ್ನು ಎರಡೂ ಭಾಷೆಯಲ್ಲಿ ಕೇಳಬಹುದು. ಅಷ್ಟಕ್ಕೆ ನಿಯಮ ಮುರಿಯುವುದಿಲ್ಲ.

ನಿಮ್ಮ ಸಂಬಳದ ಮಾತು ಮೊದಲೇ ಕಾಗದದಲ್ಲಿ ಆಗಿರಬೇಕು. ಇಬ್ಬರಿಗೆ ಇಡೀ ದಿನದ್ದು, ಓದಿಕೊಂಡ ದಿನದ್ದು, ಓಡಾಟದ್ದು, ಸಮಯ ಮೀರಿದರೆ ಗಂಟೆಗೆ ಎಷ್ಟು, ಕಾರ್ಯಕ್ರಮ ರದ್ದಾದರೆ ಎಷ್ಟು. ಬಿಲ್ಲನ್ನು ಅದೇ ರಾತ್ರಿ ಕಳಿಸಿ. ವಾರ ಬಿಟ್ಟು ಕಳಿಸಿದರೆ ವ್ಯವಸ್ಥಾಪಕರಿಗೆ ನಿಮ್ಮ ಹೆಸರು ನೆನಪಿರುತ್ತದೆ, ದುಡ್ಡು ಎಷ್ಟು ಮಾತಾಡಿದ್ದೆವು ಅನ್ನುವುದು ಮಾತ್ರ ಮರೆತುಹೋಗಿರುತ್ತದೆ.